ಅಂಗನವಾಡಿ ಕಾರ್ಯಕರ್ತೆ ಮತ್ತು ಮಗುವಿನ ಸಾಮಾಜಿಕ–ಭಾವನಾತ್ಮಕ ಬೆಳವಣಿಗೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ನೀಡುವ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ಬಾಯಲ್ಲಿ ‘ಟೀಚರ್’, ‘ಮಿಸ್ಸು’. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿ. ನರಸೀಪುರ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯಂಥ ಕೃಷಿ ಸೀಮೆಯಲ್ಲಿ ಅನೇಕ ಮಕ್ಕಳು ಮನೆಯವರನ್ನು ಬಿಟ್ಟು ಕೂರಲು ಕಲಿಯುವ ಮೊದಲ ಜಾಗ ಅಂಗನವಾಡಿಯೇ.

ಅಳುತ್ತ ಬಂದ ಮಗುವನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಅದರಿಂದ ಮಗು ಭಯವನ್ನಷ್ಟೇ ಕಲಿಯುತ್ತದೆ. ನುರಿತ ಕಾರ್ಯಕರ್ತೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅಮ್ಮ ಬೇಕು ಅನ್ನಿಸ್ತಿದೆಯಾ?’ ಎಂದು ಅದರ ದುಃಖಕ್ಕೆ ಮಾತು ಕೊಡುತ್ತಾಳೆ. ದೊಡ್ಡವರ ಸಮಾಧಾನವನ್ನು ಎರವಲು ಪಡೆದೇ ಮಗು ತನ್ನನ್ನು ತಾನು ಸಂತೈಸಿಕೊಳ್ಳಲು ಕಲಿಯುವುದು. ಆಟವೂ ಇಷ್ಟೇ ಮುಖ್ಯ. ಅಂಗಡಿಯಾಟದಲ್ಲಿ ‘ಗಿರಾಕಿ’ಯಾದ ಮಗು ಸರದಿಗೆ ಕಾಯಲೇಬೇಕು. ಇಂಥ ನಟನೆಯ ಆಟದಲ್ಲಿ ಮಗು ತಾನಾಗಿ ನಿಯಮಕ್ಕೆ ಒಳಪಡುತ್ತದೆ ಎಂದವನು ರಷ್ಯದ ಮನೋವಿಜ್ಞಾನಿ ವೈಗಾಟ್ಸ್ಕಿ (1896–1934). ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿರುವುದನ್ನು ಕೊರತೆ ಎನ್ನುವವರಿದ್ದಾರೆ. ಆದರೆ ಚಿಕ್ಕವರ ಕೈತೊಳೆಸಿ ಸಾಲಿನಲ್ಲಿ ಊಟಕ್ಕೆ ಕೂರಿಸುವ ಐದು ವರ್ಷದವರಿಗೆ ಅದೇ ಹೊಣೆಗಾರಿಕೆಯ ಪಾಠ. ಜಾತಿ ಎಣಿಸದೆ ಒಟ್ಟಿಗೆ ಉಣ್ಣುವ ಅಭ್ಯಾಸವೂ, ಕಾರ್ಯಕರ್ತೆ ಮತ್ತು ಸಹಾಯಕಿ ಗಟ್ಟಿಯಾಗಿ ನಿಂತರೆ, ಇಲ್ಲೇ ಬೇರೂರಬಲ್ಲದು.

ತೂಕ, ಪೌಷ್ಟಿಕ ಆಹಾರ, ಸಮೀಕ್ಷೆ, 2021ರಿಂದ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿ ದಾಖಲೆ — ಇವೆಲ್ಲ ಕಾರ್ಯಕರ್ತೆಯ ಪಾಠದ ಸಮಯವನ್ನು ಕಸಿಯುತ್ತವೆ. ಕೇಂದ್ರ ಸರ್ಕಾರ 2023ರ ಮೇನಲ್ಲಿ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮದಡಿ ಶಾಲಾಪೂರ್ವ ಶಿಕ್ಷಣದ ತರಬೇತಿಗೆ ಒತ್ತು ನೀಡಿತು. ಆಕೆಗೆ ಸಿಗುವುದು ಮಾತ್ರ ಈಗಲೂ ಗೌರವಧನ, ಸಂಬಳವಲ್ಲ.