ಚೌಕಳಿ ಪರದೆಯ ಮುಂದೆ ಪುಷ್ಪಮಾಲಾ

ಬ್ರಿಟಿಷರ ಕಾಲದ ಒಂದು ಥರದ ಫೋಟೋ ನೀವೂ ನೋಡಿರಬಹುದು. ಬುಡಕಟ್ಟಿನ ಹೆಂಗಸೊಬ್ಬಳು ನೆಟ್ಟಗೆ ನಿಂತಿದ್ದಾಳೆ, ಹಿಂದೆ ಚೌಕಳಿ ಪರದೆ. ಕೆಳಗೆ ಆಕೆಯ ಹೆಸರಿಲ್ಲ, ಬುಡಕಟ್ಟಿನ ಹೆಸರು ಮಾತ್ರ. ಚೌಕ ಎಣಿಸಿದರೆ ಎತ್ತರ, ತೋಳಿನ ಉದ್ದ ಎಲ್ಲಾ ಸಿಗುತ್ತೆ!

ಫೋಟೋದಲ್ಲೇ ಮೈ ಅಳೆಯೋಕೆ ಚೌಕಗಳನ್ನು ಬಳಸುವ ಈ ವಿಧಾನವನ್ನು 1869ರಲ್ಲಿ ವಿವರಿಸಿದವನು ಲ್ಯಾಂಪ್ರೆ ಎಂಬ ಇಂಗ್ಲಿಷಿನವನು. ಅದಕ್ಕೆ ಒಂದು ವರ್ಷ ಮೊದಲೇ, ನಮ್ಮ ದೇಶದ ಜನರನ್ನು ಜಾತಿವಾರು ತೋರಿಸುವ 'ದಿ ಪೀಪಲ್ ಆಫ್ ಇಂಡಿಯಾ' ಹೊರಬರಲು ಶುರುವಾಗಿತ್ತು. 1875ರ ಹೊತ್ತಿಗೆ ಎಂಟು ಸಂಪುಟ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗು ಅಳೆದು, 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಏಳು ಸಂಪುಟ ತಂದ.

ಬರೀ ಕುತೂಹಲ ಅಂದುಕೊಳ್ಳಬೇಡಿ. 1857ರ ದಂಗೆ ಕಂಡ ಸರ್ಕಾರಕ್ಕೆ, ತಾನು ಆಳುತ್ತಿರುವವರು ಯಾರು ಅಂತ ಪಟ್ಟಿ ಬೇಕಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದ ಮೇಲೆ, ಊರೂರು ಅಲೆಯುತ್ತಿದ್ದ ಎಷ್ಟೋ ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಅನ್ನಿಸಿಕೊಂಡವು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಈ ಚೌಕಳಿ ಪರದೆಯ ಮುಂದೆ ತಾವೇ ವೇಷ ಹಾಕಿ ನಿಂತರು. 1956ರಲ್ಲಿ ಹುಟ್ಟಿದ ಇವರು ಬರೋಡಾದಲ್ಲಿ ಶಿಲ್ಪಕಲೆ ಕಲಿತವರು, ಆಮೇಲೆ ಫೋಟೋ, ವಿಡಿಯೋ, ಅಭಿನಯದ ಕಡೆ ಹೊರಳಿದರು. ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ 'ದಕ್ಷಿಣ ಭಾರತದ ದೇಶೀ ಮಹಿಳೆಯರು' ಎಂಬರ್ಥದ ಚಿತ್ರಮಾಲೆ ಮಾಡಿದರು. ಅದರಲ್ಲಿ ರವಿವರ್ಮನ ಚೆಲುವೆಯೂ ಅವರೇ, ಅಳತೆಗೆ ನಿಂತ ಹೆಂಗಸೂ ಅವರೇ. ಒಂದೇ ಮುಖ ಎಲ್ಲಾ 'ಮಾದರಿ'ಗಳಲ್ಲೂ ಕಂಡರೆ ಮಾದರಿ ಅನ್ನೋ ಮಾತಿಗೇನು ಅರ್ಥ? 2014ರಲ್ಲಂತೂ, ಪೋರ್ಚುಗಲ್‌ನ ಸಲ್ಗಾದೊ 1898ರಲ್ಲಿ ಬರೆದ ಚಿತ್ರವನ್ನು ಮರುಸೃಷ್ಟಿಸಿ ಸ್ವತಃ ವಾಸ್ಕೋ ಡ ಗಾಮನಾದರು!

ನಮ್ಮ ಶಾಂತಿಗ್ರಾಮದ ಕಡೆ ಯೋಚಿಸಿ ನೋಡಿ. ಊರಿನ ಹೆಸರನ್ನೇ ಹೊಯ್ಸಳ ರಾಣಿ ಶಾಂತಲೆಯ ಜೊತೆ ಸೇರಿಸಿ ಹೇಳ್ತಾರೆ. ಅಲ್ಲೇ ಹಾಸನದ ಹತ್ತಿರದ ಕೌಶಿಕ, ತಮಿಳುನಾಡು-ಕೇರಳದ ಗಡಿಯ ಶೆಂಕೋಟೆ ಕಡೆಯಿಂದ ಶತಮಾನಗಳ ಹಿಂದೆ ವಲಸೆ ಬಂದ ಸಂಕೇತಿಗಳ ಊರು. ಅವರ ಮನೆಮಾತಿನಲ್ಲಿ ತಮಿಳು, ಮಲಯಾಳಂ, ಕನ್ನಡ ಮೂರೂ ಬೆರೆತಿವೆ. ಯಾವ ಚೌಕದಲ್ಲಿ ಕೂರಿಸ್ತೀರಿ ಇವರನ್ನ?

ನಾನು ಹೊಟ್ಟೆಪಾಡಿಗೆ ಬರೆಯೋದು ಡೇಟಾಬೇಸ್ ಕೋಡು. ಫಾರಂನಲ್ಲಿ 'ಮಾತೃಭಾಷೆ' ಅಂತ ಒಂದು ಕಾಲಂ, ಒಂದೇ ಉತ್ತರ ಆರಿಸುವ ಪಟ್ಟಿ. ಅದನ್ನು ಹಾಕುವಾಗ ಯಾರಿಗೂ ಕೆಟ್ಟ ಉದ್ದೇಶ ಇರಲ್ಲ, ಕೆಲಸ ಸಲೀಸಾಗಲಿ ಅಂತಷ್ಟೇ. ಲ್ಯಾಂಪ್ರೆಗೂ ಬೇಕಾಗಿದ್ದದ್ದು ಅಂಥದ್ದೇ ಸಲೀಸು. ವಿಂಗಡಣೆ ಇಲ್ಲದೆ ಕೆಲಸ ನಡೆಯಲ್ಲ, ಒಪ್ಪೋಣ. ಆದರೆ ಚೌಕಕ್ಕೆ ಹೊಂದದವರು ಬಂದಾಗ ತಪ್ಪು ಚೌಕದ್ದು, ಮನುಷ್ಯರದ್ದಲ್ಲ.

ನೀವೇನಂತೀರಿ?