ವಿಲೋ ತೊಗಟೆಯ ಕಹಿ

ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ನಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರವು ಉರಿಯೂತ ಶಮನಕಾರಿ ಔಷಧಗಳ ಇತಿಹಾಸದಲ್ಲಿ ಮಹತ್ವದ ದಾಖಲೆಯಾಗಿದೆ. ವಿಲೋ ಮರದ ಔಷಧಗುಣ ಪ್ರಾಚೀನ ಗ್ರೀಕರಿಗೂ ತಿಳಿದಿತ್ತಾದರೂ, ಅದರ ತೊಗಟೆಯನ್ನು ಅಳತೆಯಿಟ್ಟು ಅನೇಕ ರೋಗಿಗಳಿಗೆ ಕೊಟ್ಟು ನೋಡಿದ ವಿವರ ಈ ಪತ್ರದಲ್ಲಿದೆ. ತೊಗಟೆಯ ತೀವ್ರ ಕಹಿಯು ಸ್ಟೋನ್‌ಗೆ ಚಳಿಜ್ವರದ ಮದ್ದಾಗಿ ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಸಿಂಕೋನಾ ತೊಗಟೆಯನ್ನು ನೆನಪಿಸಿತು. ಆತ ಅದನ್ನು ಚೀಲದಲ್ಲಿ ತುಂಬಿ, ಬ್ರೆಡ್ ಸುಡುವ ಒಲೆಯ ಹೊರಮೈ ಮೇಲಿಟ್ಟು ಮೂರು ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ, ಕುಟ್ಟಿ ಜರಡಿ ಹಿಡಿದು, ನಾಲ್ಕು ಗಂಟೆಗೊಮ್ಮೆ ಸೇವಿಸುವಂತೆ ಸುಮಾರು 50 ಮಂದಿಗೆ ಕೊಟ್ಟನು.

ಜ್ವರ ಇಳಿಯಿತು, ಆದರೆ ಸ್ಟೋನ್‌ನ ಹೋಲಿಕೆ ಸರಿಯಾಗಿರಲಿಲ್ಲ. ಸಿಂಕೋನಾದ ಕ್ವಿನೈನ್ ಮಲೇರಿಯಾದ ರೋಗಾಣುವನ್ನೇ ಕೊಲ್ಲುತ್ತದೆ. ವಿಲೋ ತೊಗಟೆ ತಗ್ಗಿಸುವುದು ಜ್ವರ, ನೋವು ಮತ್ತು ಉರಿಯೂತವನ್ನು, ಅಂದರೆ ಪೆಟ್ಟು ಅಥವಾ ಸೋಂಕು ತಗುಲಿದ ಭಾಗ ಕೆಂಪೇರಿ, ಬಿಸಿಯಾಗಿ ಊದಿಕೊಳ್ಳುವ ದೇಹದ ಪ್ರತಿಕ್ರಿಯೆಯನ್ನು ಮಾತ್ರ.

ತೊಗಟೆಯ ಸಾರವಾದ ಸ್ಯಾಲಿಸಿನ್ ಎಂಬ ಕಹಿ ವಸ್ತುವನ್ನು 1828ರಲ್ಲಿ ಮ್ಯೂನಿಕ್‌ನ ಯೋಹಾನ್ ಬುಕ್ನರ್ ಬೇರ್ಪಡಿಸಿದನು. ಇಟಲಿಯ ರಫಾಯೆಲೆ ಪಿರಿಯಾ 1838ರಲ್ಲಿ ಅದರಿಂದ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದನು. ಸ್ಕಾಟ್ಲೆಂಡಿನ ಡಂಡೀಯ ವೈದ್ಯ ಥಾಮಸ್ ಮ್ಯಾಕ್ಲಗನ್, ಕೀಲುಗಳು ಊದಿಕೊಳ್ಳುವ ಸಂಧಿವಾತ ಜ್ವರಕ್ಕೆ ಸ್ಯಾಲಿಸಿನ್ ಕೊಟ್ಟು ಕಂಡ ಗುಣವನ್ನು 1876ರಲ್ಲಿ ಪ್ರಕಟಿಸಿದನು. ಜರ್ಮನಿಯ ಬಾಯರ್ ಕಂಪನಿಯಲ್ಲಿ 1897ರಲ್ಲಿ ಫೆಲಿಕ್ಸ್ ಹಾಫ್‌ಮನ್ ಈ ಆಮ್ಲಕ್ಕೆ ಅಸಿಟೈಲ್ ಎಂಬ ಸಣ್ಣ ಅಣುಗುಂಪನ್ನು ಜೋಡಿಸಿ ಶುದ್ಧ ರೂಪದಲ್ಲಿ ಸಿದ್ಧಪಡಿಸಿದ ಮದ್ದು 1899ರಲ್ಲಿ ಆಸ್ಪಿರಿನ್ ಎಂಬ ಹೆಸರು ಪಡೆಯಿತು.

ಇಷ್ಟಾದರೂ ಮದ್ದು ಕೆಲಸ ಮಾಡುವ ಬಗೆ ಗೂಢವಾಗಿಯೇ ಉಳಿದು, 1971ರಲ್ಲಿ ಲಂಡನ್ನಿನ ಜಾನ್ ವೇನ್ ಅದನ್ನು ಬಿಡಿಸಿದನು. ದೇಹದ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ಪ್ರೋಟೀನುಗಳೇ ಕಿಣ್ವಗಳು. ಅವುಗಳಲ್ಲಿ ಸೈಕ್ಲೋಆಕ್ಸಿಜನೇಸ್ ಎಂಬುದು, ಉರಿಯೂತವನ್ನೂ ನೋವನ್ನೂ ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್‌ಗಳ ತಯಾರಿಕೆಗೆ ಬೇಕಾದ ಕಿಣ್ವ. ಆಸ್ಪಿರಿನ್ ತನ್ನ ಅಸಿಟೈಲ್ ಗುಂಪನ್ನು ಈ ಕಿಣ್ವಕ್ಕೆ ಅಂಟಿಸಿ, ಕಚ್ಚಾವಸ್ತು ಒಳಹೋಗುವ ದಾರಿಯನ್ನೇ ಮುಚ್ಚುತ್ತದೆ. ಜಠರದ ಒಳಪದರವನ್ನು ಕಾಯುವುದೂ ಪ್ರೊಸ್ಟಗ್ಲಾಂಡಿನ್‌ಗಳೇ ಆದುದರಿಂದ, ಈ ಮದ್ದಿನ ಗುಣಕ್ಕೂ ಅದರಿಂದ ಬರುವ ಹೊಟ್ಟೆಯ ಹುಣ್ಣಿಗೂ ಮೂಲ ಒಂದೇ ಎಂಬುದು ಸ್ಪಷ್ಟವಾಯಿತು. ವೇನ್ 1982ರ ನೊಬೆಲ್ ಪ್ರಶಸ್ತಿಗೆ ಪಾತ್ರನಾದವರಲ್ಲಿ ಒಬ್ಬನು.

ಸ್ಟೋನ್ ಊಹಿಸಿದ ಕಾರಣ ಬಿದ್ದುಹೋಯಿತು. ಆದರೆ ತೊಗಟೆಯನ್ನು ಒಣಗಿಸಿ, ತೂಗಿ, ಕೊಟ್ಟು, ಫಲವನ್ನು ಬರೆದಿಟ್ಟ ಅವನ ನಿಷ್ಠೆಗೆ ಕುಂದು ಬರಲಿಲ್ಲ. ಮುಂದಿನವರು ಅವನ ಊಹೆಯನ್ನು ಬಿಟ್ಟು, ಅವನು ಕಂಡದ್ದನ್ನು ಉಳಿಸಿಕೊಂಡರು.