187 ವಾಟಿನ ಗೆರೆ

1934ರ ಭಾರತೀಯ ಸುಂಕ ಕಾಯ್ದೆಯ ಪಟ್ಟಿಯಲ್ಲಿ ವಿದ್ಯುತ್ ಸಾಮಗ್ರಿಯ ಬಾಬ್ತನ್ನು ಓದುವವರಿಗೆ 187 ವಾಟ್ ಎಂಬ ಸಂಖ್ಯೆ ಎದುರಾಗುತ್ತದೆ. ಹತ್ತು ಆಂಪಿಯರಿಗಿಂತ ಕಡಿಮೆಯ, 250 ವೋಲ್ಟ್ ಮೀರದ ಸ್ವಿಚ್ಚು, ಫ್ಯೂಸುಗಳು ಒಂದು ಕಡೆ. ಅವುಗಳ ಪಕ್ಕದಲ್ಲೇ 187 ವಾಟಿಗಿಂತ ಕಡಿಮೆ ವಿದ್ಯುತ್ ನುಂಗುವ ಮೋಟಾರುಗಳ ರೆಗ್ಯುಲೇಟರುಗಳು. ಒಂದು ಹಾರ್ಸ್‌ಪವರ್ ಎಂದರೆ 746 ವಾಟ್. ಅದರ ಕಾಲುಭಾಗ ಹೆಚ್ಚುಕಡಿಮೆ 187. ಅಂದರೆ ಪಟ್ಟಿ ಬರೆದವರು ಕಾಲು ಹಾರ್ಸ್‌ಪವರಿನಲ್ಲಿ ಒಂದು ಗೆರೆ ಎಳೆದಿದ್ದರು. ಗೆರೆಯ ಈಚೆಗಿನದು ಮನೆಯ ಫ್ಯಾನಿನ ರೆಗ್ಯುಲೇಟರಿನಂಥ ಬಳಕೆಯ ವಸ್ತು, ಆಚೆಗಿನದು ಕಾರ್ಖಾನೆಯದು. ಮೋಟಾರನ್ನು ಚಾಲೂ ಮಾಡುವ, ನಿಲ್ಲಿಸುವ, ಅದರ ವೇಗವನ್ನು ಹಿಡಿತದಲ್ಲಿಡುವ ಸಾಧನಗಳ ಕಥೆ ನಮ್ಮ ದೇಶದ ಸುಂಕದ ಕಡತಗಳಲ್ಲಿ ಇಂಥ ಗೆರೆಗಳ ಮೂಲಕವೇ ಸಾಗಿದೆ. ಆಮದು ಸುಂಕದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ದರದ ಏರಿಳಿತವನ್ನೇ ಹಿಂಬಾಲಿಸುತ್ತಾರೆ. ಈ ಒಂದು ಉದ್ಯಮದ ಮಟ್ಟಿಗಾದರೂ ದರಕ್ಕಿಂತ ಮೊದಲು ಕೆಲಸ ಮಾಡಿದ್ದು ಹೆಸರು ಎಂಬುದು ನನ್ನ ವಾದ. ಪಟ್ಟಿ ಒಂದು ವಸ್ತುವನ್ನು ಏನೆಂದು ಕರೆಯಿತೋ, ಆ ವಸ್ತುವನ್ನು ತಯಾರಿಸುವವರ ಪಾಡು ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗುತ್ತಿತ್ತು.

ಸರಕನ್ನು ಹೆಸರಿಟ್ಟು ವಿಂಗಡಿಸಿ ಸುಂಕ ಕಟ್ಟಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿ ಹೆಜ್ಜುಂಕವೆಂದೂ ಕಿರುಕುಳವೆಂದೂ ಬೇರೆಬೇರೆ ಹೆಸರುಗಳು ಸಿಗುತ್ತವೆ. ದೊಡ್ಡ ಸರಕಿನ ಸುಂಕ ಒಂದು, ಚಿಲ್ಲರೆ ಸರಕಿನದು ಇನ್ನೊಂದು. 187 ವಾಟಿನ ಗೆರೆಯೂ ಅದೇ ಜಾತಿಯದು. ಆದರೆ ಅದರ ಹಿಂದಿದ್ದ ಎಣಿಕೆ ಬೇರೆ. ಬ್ರಿಟಿಷ್ ಇಂಡಿಯಾದಲ್ಲಿ ಯಂತ್ರಗಳು ಬಹುಕಾಲ ಸುಂಕವಿಲ್ಲದೆಯೋ ತೀರಾ ಕಡಿಮೆ ಸುಂಕ ತೆತ್ತೋ ಒಳಬರುತ್ತಿದ್ದವು. 1931ರ ಹಣಕಾಸಿನ ಇಕ್ಕಟ್ಟಿನಲ್ಲಿ ಮಾತ್ರ ಅವುಗಳ ಮೇಲೆ ಶೇ. 10ರ ಸುಂಕ ಬಿತ್ತು. ಯಂತ್ರ ಮಾರುವ ಇಂಗ್ಲೆಂಡಿಗೂ ಕೊಳ್ಳುವ ಇಲ್ಲಿನ ಗಿರಣಿ ಮಾಲೀಕರಿಗೂ ಅಲ್ಲಿಯವರೆಗಿನ ಆ ರಿಯಾಯಿತಿ ಬೇಕಿತ್ತು. ಇಬ್ರಾಹಿಂ ರಹಿಮ್ತುಲ್ಲಾ ಅಧ್ಯಕ್ಷತೆಯ ಫಿಸ್ಕಲ್ ಕಮಿಷನ್ 1922ರಲ್ಲಿ ಆಯ್ದ ಉದ್ಯಮಗಳಿಗೆ ರಕ್ಷಣೆ ಕೊಡಬೇಕೆಂದು ಹೇಳಿದಾಗಲೂ, ಯಂತ್ರಗಳಿಗೆ ಸಾಮಾನ್ಯವಾಗಿ ಸುಂಕ ಬೇಡವೆಂದೇ ಸಲಹೆ ಕೊಟ್ಟಿತು. ಹಾಗಾಗಿ ಪ್ರಶ್ನೆ ಉಳಿದದ್ದು ಇಷ್ಟೇ: ಯಂತ್ರವೆಂದರೆ ಯಾವುದು? ಮೋಟಾರಿನ ಕಂಟ್ರೋಲ್ ಗೇರ್ ಯಂತ್ರವೇ, ವಿದ್ಯುತ್ ಸಾಮಾನೇ? 1934ರ ಪಟ್ಟಿ ಕೊಟ್ಟ ಉತ್ತರ ಗಮನಿಸತಕ್ಕದ್ದು. ಯಂತ್ರದ ಜೊತೆ ಬಳಸಲೆಂದೇ ರೂಪಿಸಿದ ಕಂಟ್ರೋಲ್ ಗೇರನ್ನು ಯಂತ್ರಗಳ ಬಾಬ್ತಿನಲ್ಲೇ, ಚಾಲನೆಯನ್ನು ದಾಟಿಸುವ ಪಟ್ಟೆ ಮತ್ತು ಸರಪಳಿಗಳ ಸಾಲಿನಲ್ಲಿ ಇರಿಸಲಾಗಿತ್ತು. ಹಬೆಯಂತ್ರದ ಕಾಲದ ಕಣ್ಣಿಗೆ ಸ್ಟಾರ್ಟರು ಚರ್ಮದ ಪಟ್ಟೆಯಂತೆಯೇ ಯಂತ್ರದ ಒಂದು ಅಂಗ. ತಾನೇ ಒಂದು ಉದ್ಯಮವಾಗಬಲ್ಲ ವಸ್ತುವೆಂದು ಅದು ಯಾರಿಗೂ ತೋರಿರಲಿಲ್ಲ.

ಈ ಹೆಸರಿನ ಭಾರ ಎಷ್ಟೆಂದು ಮೈಸೂರು ಸಂಸ್ಥಾನದ ಉದಾಹರಣೆಯಿಂದ ತಿಳಿಯಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ದೂರ ವಿದ್ಯುತ್ ಹರಿಯಿತು. ಅದರ ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್‌ಲೆಂಡಿನ ಎಷರ್ ವೈಸ್‌ನವು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ವಿದ್ಯುತ್ತು ಬಂದಲ್ಲಿ ಮೋಟಾರೂ ಬರುತ್ತದೆ. ದೊಡ್ಡ ಮೋಟಾರನ್ನು ನೇರವಾಗಿ ಲೈನಿಗೆ ಸಿಕ್ಕಿಸಿದೊಡನೆ ಅದು ತನ್ನ ಪೂರ್ಣಭಾರದ ಐದಾರು ಪಟ್ಟು ಕರೆಂಟನ್ನು ಎಳೆಯುತ್ತದೆ. ಆದ್ದರಿಂದ ಅಂಥ ಮೋಟಾರು ಹೋದಲ್ಲೆಲ್ಲ ಅದನ್ನು ಹದವಾಗಿ ಚಾಲೂ ಮಾಡುವ ಸ್ಟಾರ್ಟರೂ ಹೋಗಲೇಬೇಕು. ಆದರೆ ಇವನ್ನು ತರಿಸಿಕೊಳ್ಳಲು ಮೈಸೂರಿಗೆ ತನ್ನದೇ ಬಂದರಿರಲಿಲ್ಲ. ಸಂಸ್ಥಾನಕ್ಕೆ ಬರುವ ಸರಕಿನ ಕಡಲ ಸುಂಕ ಬ್ರಿಟಿಷ್ ಇಂಡಿಯಾದ ಬೊಕ್ಕಸ ಸೇರುತ್ತಿತ್ತು, ಪಟ್ಟಿ ಬರೆಯುವಾಗ ಮೈಸೂರಿನ ಮಾತಿಗೆ ಜಾಗವಿರಲಿಲ್ಲ. ವಿದ್ಯುತ್ತನ್ನು ದೇಶದಲ್ಲಿ ಎಲ್ಲರಿಗಿಂತ ಮೊದಲು ದೊಡ್ಡ ಪ್ರಮಾಣದಲ್ಲಿ ಉದ್ಯಮಕ್ಕೆ ಹಚ್ಚಿದ ನಾಡುಗಳಲ್ಲಿ ಒಂದಾದ ಮೈಸೂರು, ಆ ವಿದ್ಯುತ್ತನ್ನು ಪಳಗಿಸುವ ಸಾಧನಗಳ ಹೆಸರನ್ನು ಬೇರೆಯವರ ಪಟ್ಟಿಯಲ್ಲಿ ಓದಬೇಕಾಗಿತ್ತು. ಅಲ್ಲಿ ಆ ಸಾಧನಗಳು ಆಮದಾಗುವ ಯಂತ್ರದ ಬಾಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಹಗುರಾದದ್ದಲ್ಲ. ಸ್ವಾತಂತ್ರ್ಯದ ನಂತರ ಈ ಉದ್ಯಮವನ್ನು ಬೆಳೆಸಿದ್ದು ಲೈಸೆನ್ಸು, ಸುಂಕದ ಪಟ್ಟಿಯ ಹೆಸರುಗಳಿಗೆ ಅದರಲ್ಲಿ ಪಾತ್ರವೇನೂ ಇಲ್ಲ ಎಂಬುದು ಆ ಆಕ್ಷೇಪ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿತು; ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಹಯೋಗದೊಂದಿಗೆ ಎನ್‌ಜಿಇಎಫ್ ಬೆಳೆದು ಮೋಟಾರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರು ತಯಾರಿಸಿತು. 1947ರ ಆಮದು-ರಫ್ತು ನಿಯಂತ್ರಣ ಕಾಯ್ದೆ ಮತ್ತು 1957ರ ವಿದೇಶಿ ವಿನಿಮಯದ ಮುಗ್ಗಟ್ಟಿನ ನಂತರದ ಬಿಗಿ ಇಲ್ಲದಿದ್ದರೆ ಇಂಥ ಕಾರ್ಖಾನೆಗಳಿಗೆ ಮಾರುಕಟ್ಟೆ ಸಿಗುತ್ತಿರಲಿಲ್ಲ ಎಂಬುದು ನಿಜ. ಆದರೆ ಲೈಸೆನ್ಸು ಕೊಡುವವರ ಕೈಯಲ್ಲೂ ಒಂದು ಪಟ್ಟಿಯೇ ಇತ್ತು. ಯಾವುದನ್ನು ತರಬಹುದು, ಯಾವುದನ್ನು ತರಬಾರದು, ಯಾವುದಕ್ಕೆ ಯಾರ ಪರವಾನಗಿ ಬೇಕು ಎಂಬುದೆಲ್ಲ ವಸ್ತುವಿನ ಹೆಸರನ್ನೇ ಹಿಡಿದು ನಿಂತಿತ್ತು. ಬಿಡಿಭಾಗದ ಲಕ್ಷಣವನ್ನೇ ನೋಡಿ: 1934ರ ಪಟ್ಟಿಯ ಪ್ರಕಾರ ಯಂತ್ರದ ಬಿಡಿಭಾಗ ಎನಿಸಬೇಕಾದರೆ ಆ ಭಾಗ ಯಂತ್ರದ ಓಟಕ್ಕೆ ಅವಶ್ಯವಾಗಿರಬೇಕು, ಜೊತೆಗೆ ಬೇರಾವ ಉಪಯೋಗಕ್ಕೂ ಬೇಡವಾದ ವಿಶೇಷ ಆಕಾರವನ್ನೋ ಗುಣವನ್ನೋ ಅದಕ್ಕೆ ಕೊಟ್ಟಿರಬೇಕು. ಮೋಟಾರಿಗೆ ಕರೆಂಟನ್ನು ಕೂಡಿಸುವ, ಕಡಿಯುವ ಕಾಂಟ್ಯಾಕ್ಟರಿನ ಗುಣವೇ ಇದಕ್ಕೆ ವಿರುದ್ಧ. ಒಂದೇ ಕಾಂಟ್ಯಾಕ್ಟರು ಇಂದು ಪಂಪಿಗೆ, ನಾಳೆ ಲಿಫ್ಟಿಗೆ, ನಾಡಿದ್ದು ಮಗ್ಗಕ್ಕೆ ಸಲ್ಲುತ್ತದೆ. ಎಲ್ಲದಕ್ಕೂ ಒದಗುವುದೇ ಅದರ ಹಿರಿಮೆ. ಪಟ್ಟಿಯ ಲಕ್ಷಣದಲ್ಲಿ ಆ ಹಿರಿಮೆಯೇ ಕುಂದು.

ಇನ್ನೂ ಬಲವಾದ ಸಾಕ್ಷಿ 1965ರದು. ಆ ವರ್ಷ ಸುಂಕದ ಪಟ್ಟಿಗೆ ಯೋಜನಾ ಆಮದು ಎಂಬ ಹೊಸ ಬಾಬ್ತು, 72ಎ, ಸೇರಿತು. ಹೊಸ ಕಾರ್ಖಾನೆ ಕಟ್ಟಲು ಅಥವಾ ಇದ್ದುದನ್ನು ದೊಡ್ಡ ಪ್ರಮಾಣದಲ್ಲಿ ವಿಸ್ತರಿಸಲು ಬೇಕಾದ ಎಲ್ಲ ಸಾಮಗ್ರಿಯನ್ನೂ, ಕರಾರನ್ನು ನೋಂದಾಯಿಸಿದ್ದರೆ, ಒಂದೇ ಹೆಸರಿನಡಿ ಒಂದೇ ದರದಲ್ಲಿ ಬಿಡಲು ಅದು ಅವಕಾಶ ಕೊಟ್ಟಿತು. ಮುಂದೆ ಅದೇ 84.66 ಆಯಿತು, ಈಗ 98.01. ಸಾವಿರಾರು ವಸ್ತುಗಳನ್ನು ಒಂದೊಂದಾಗಿ ವಿಂಗಡಿಸುವ ತಲೆನೋವು ಇದರಿಂದ ತಪ್ಪಿತು. ಆಡಳಿತದ ದೃಷ್ಟಿಯಿಂದ ಒಳ್ಳೆಯ ಏರ್ಪಾಡು. ಆದರೆ ಕಂಟ್ರೋಲ್ ಪ್ಯಾನೆಲ್ ತಯಾರಿಸುವವರ ಕಡೆಯಿಂದ ನೋಡಬೇಕು. ಒಂಟಿಯಾಗಿ ಬಂದರೆ ವಿದ್ಯುತ್ ಸಾಮಗ್ರಿಯೆಂದು ಸುಂಕ ತೆರಬೇಕಾದ ಪ್ಯಾನೆಲ್ಲು, ಸಿಮೆಂಟ್ ಅಥವಾ ಉಕ್ಕಿನ ಕಾರ್ಖಾನೆಯ ಸಾಮಗ್ರಿಯೊಡನೆ ಬಂದರೆ ತನ್ನ ಹೆಸರನ್ನೇ ಕಳಚಿ ಬೇರೆ ದರದಲ್ಲಿ ಒಳಬರಬಹುದಿತ್ತು. ವಸ್ತು ಬದಲಾಗಲಿಲ್ಲ, ಪ್ಯಾನೆಲ್ಲಿನ ಬಾಬ್ತಿನ ದರವೂ ಬದಲಾಗಲಿಲ್ಲ. ಹೆಸರು ಮಾತ್ರ ಬದಲಾಯಿತು, ಅದರ ಜೊತೆಗೆ ಸ್ಥಳೀಯ ತಯಾರಕರ ಪೈಪೋಟಿಯ ನೆಲೆಯೂ ಬದಲಾಯಿತು.

ಈ ಸಾಧನಗಳು ಸ್ವಂತ ಹೆಸರು ಪಡೆದದ್ದು ಜಗತ್ತಿನ ಪಟ್ಟಿಯ ಮೂಲಕ. 1913ರಲ್ಲಿ ಬ್ರಸೆಲ್ಸ್‌ನಲ್ಲಿ ದೇಶಗಳು ವ್ಯಾಪಾರದ ಅಂಕಿಅಂಶಕ್ಕಾಗಿ ಒಪ್ಪಿಕೊಂಡ ವಿಂಗಡಣೆಯಲ್ಲಿ ಜಗತ್ತಿನ ಸರಕೆಲ್ಲ 186 ಗುಂಪುಗಳಲ್ಲಿ ಮುಗಿದಿತ್ತು. 1950ರ ಬ್ರಸೆಲ್ಸ್ ಒಪ್ಪಂದದಿಂದ ಹೊರಟು 1959ರಲ್ಲಿ ಜಾರಿಗೆ ಬಂದ ಪಟ್ಟಿ ವಿದ್ಯುತ್ ಸರ್ಕ್ಯೂಟನ್ನು ಕೂಡಿಸುವ, ಕಡಿಯುವ, ಕಾಯುವ ಎಲ್ಲವನ್ನೂ 85.19 ಎಂಬ ಒಂದೇ ಶೀರ್ಷಿಕೆಗೆ ತುಂಬಿತು: ಸ್ವಿಚ್ಚು, ರಿಲೇ, ಫ್ಯೂಸು, ಪ್ಲಗ್ಗು, ಪ್ರಿಂಟೆಡ್ ಸರ್ಕ್ಯೂಟು, ಸ್ವಿಚ್‌ಬೋರ್ಡು, ಕಂಟ್ರೋಲ್ ಪ್ಯಾನೆಲ್ಲು. ಭಾರತ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಮೂಲಕ ಈ ದಾರಿಗೆ ಬಂತು. ಆ ಕಾಯ್ದೆ 1976ರ ಆಗಸ್ಟ್ 2ರಂದು ಜಾರಿಯಾಯಿತು. 1983ರಲ್ಲಿ ಒಪ್ಪಿತವಾದ ಹಾರ್ಮೊನೈಸ್ಡ್ ಸಿಸ್ಟಮ್ ಆ ಒಂದು ಶೀರ್ಷಿಕೆಯನ್ನು ಒಡೆಯಿತು. 1000 ವೋಲ್ಟ್ ಮೀರಿದ ಸಾಧನಗಳು 85.35, ಮೀರದವು 85.36, ಇವುಗಳಲ್ಲಿ ಎರಡೋ ಹೆಚ್ಚೋ ಸಾಧನಗಳನ್ನು ಕೂಡಿಸಿದ ಬೋರ್ಡು, ಪ್ಯಾನೆಲ್ಲು, ಕ್ಯಾಬಿನೆಟ್ಟುಗಳು 85.37, ಇವೆಲ್ಲದರ ಬಿಡಿಭಾಗ 85.38. ಜಗತ್ತಿನ ಮಟ್ಟದಲ್ಲಿ 1988ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯನ್ನು ಭಾರತ 1986ರ ಫೆಬ್ರವರಿ 28ರಂದೇ ಕಸ್ಟಮ್ಸ್ ಮತ್ತು ಎಕ್ಸೈಸ್ ಎರಡಕ್ಕೂ ಅಳವಡಿಸಿಕೊಂಡಿತು. ಬಿಡಿ ಸಾಧನಗಳನ್ನು ಕೊಂಡು, ತಂತಿ ಜೋಡಿಸಿ, ಪೆಟ್ಟಿಗೆ ಕಟ್ಟಿಕೊಡುವ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ಯಮಿಯ ಕೆಲಸಕ್ಕೆ ಪಟ್ಟಿಯಲ್ಲಿ ತನ್ನದೇ ಶೀರ್ಷಿಕೆ ಸಿಕ್ಕಿದ್ದು 85.37ರಲ್ಲಿ. ಕೂಡಿಸುವ ಕೆಲಸವೂ ಒಂದು ತಯಾರಿಕೆ ಎಂದು ಆ ನಾಲ್ಕು ಅಂಕಿಗಳು ಒಪ್ಪಿಕೊಂಡವು.

ಇದು ಜಗತ್ತೆಲ್ಲ ಒಪ್ಪಿದ ತಾಂತ್ರಿಕ ವಿಂಗಡಣೆ, ಇದರಲ್ಲಿ ಪಕ್ಷಪಾತಕ್ಕೆ ಎಡೆಯೆಲ್ಲಿ ಎಂಬುದು ಎರಡನೆಯ ಆಕ್ಷೇಪ. ಒಂದೇ ಪಟ್ಟಿ ಇರುವುದು ದೊಡ್ಡ ಉಪಕಾರವೇ. ಅದನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಗೆರೆಗಳು ಪ್ರಕೃತಿ ಎಳೆದವಲ್ಲ. ಕಾಂಟ್ಯಾಕ್ಟರು ಮತ್ತು ಓವರ್‌ಲೋಡ್ ರಿಲೇ ಸೇರಿದ ಸ್ಟಾರ್ಟರ್ ಡಬ್ಬಿಯಲ್ಲಿ ಎರಡು ಸಾಧನಗಳಿವೆ. ಹಾಗಾದರೆ ಅದು 85.37ರ ಪ್ಯಾನೆಲ್ಲೇ? ಪಟ್ಟಿಯ ವಿವರಣಾ ಟಿಪ್ಪಣಿ ಎರಡು ಸ್ವಿಚ್ಚು, ಒಂದು ಕನೆಕ್ಟರಿನಂಥ ಸರಳ ಜೋಡಣೆಗಳನ್ನು ಪ್ಯಾನೆಲ್ ಎನ್ನುವುದಿಲ್ಲ. ಸರಳ ಎಲ್ಲಿ ಮುಗಿಯುತ್ತದೆ, ಪ್ಯಾನೆಲ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪ್ರತಿ ಸಲವೂ ಯಾರಾದರೂ ಮನುಷ್ಯರೇ ಹೇಳಬೇಕು. ಹಾಗೆ ಹೇಳುವುದು ಎಷ್ಟು ಕಷ್ಟವೆಂದು ವೆಸ್ಟಿಂಗ್‌ಹೌಸ್ ಸ್ಯಾಕ್ಸ್‌ಬಿ ಫಾರ್ಮರ್ ಪ್ರಕರಣ ತೋರಿಸುತ್ತದೆ. ರೈಲ್ವೆ ಸಿಗ್ನಲಿಗೆ ಬಳಸುವ ರಿಲೇ ವಿದ್ಯುತ್ ಸಾಧನವಾಗಿ 85.36ಕ್ಕೆ ಸೇರುತ್ತದೆಂದು ಎಕ್ಸೈಸ್ ಇಲಾಖೆ, ರೈಲ್ವೆ ಸಿಗ್ನಲ್ ಸಲಕರಣೆಯಾಗಿ 86.08ಕ್ಕೆ ಸೇರುತ್ತದೆಂದು ತಯಾರಕರು ವರ್ಷಗಟ್ಟಲೆ ವಾದಿಸಿದರು. ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲಿ ಮುಖ್ಯ ಬಳಕೆಯನ್ನು ಆಧಾರವಾಗಿಟ್ಟು ತಯಾರಕರ ಮಾತನ್ನು ಒಪ್ಪಿತು. ವಸ್ತುವನ್ನು ಅದರ ಒಡಲಿನಿಂದ ಗುರುತಿಸಬೇಕೋ ಅದು ಮಾಡುವ ಕೆಲಸದಿಂದಲೋ ಎಂಬ ಈ ಪ್ರಶ್ನೆ 1934ರ ಪಟ್ಟಿಯಲ್ಲೂ ಇತ್ತು. ಎಂಬತ್ತೇಳು ವರ್ಷಗಳ ಮೇಲೂ ದೇಶದ ಅತ್ಯುನ್ನತ ನ್ಯಾಯಾಲಯ ಅದೇ ಪ್ರಶ್ನೆಯನ್ನು ಬಿಡಿಸಬೇಕಾಯಿತು.

ಮೂರನೆಯ ಆಕ್ಷೇಪ ಇಂದಿನ ಕಾಲದ್ದು: ದರಗಳೇ ಇಳಿದಿರುವಾಗ ಹೆಸರಿನ ಜಗಳದಿಂದ ಏನಾಗಬೇಕು? 1991ರ ಬಜೆಟ್ಟಿನಲ್ಲಿ ಗರಿಷ್ಠ ಸುಂಕಕ್ಕೆ ಶೇ. 150ರ ಮಿತಿ ಹಾಕಲಾಯಿತು; ಕೃಷಿಯೇತರ ವಸ್ತುಗಳ ಗರಿಷ್ಠ ದರ 1995ಕ್ಕೆ ಶೇ. 50, 2007ಕ್ಕೆ ಶೇ. 10 ಆಯಿತು. ಆದರೆ ಇದೇ ಅವಧಿಯಲ್ಲಿ ಹೆಸರಿನ ಬೆಲೆ ಏರಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ ಕಂಪ್ಯೂಟರುಗಳ ಸುಂಕವನ್ನು ಸೊನ್ನೆಗೆ ತರಲು ಒಪ್ಪಿತು. ಆ ಹೊತ್ತಿಗೆ ಕಾರ್ಖಾನೆಯ ಮೋಟಾರುಗಳನ್ನು ಆಳುತ್ತಿದ್ದುದು ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿಎಲ್‌ಸಿ. ಅದರೊಳಗೆ ಪ್ರೊಸೆಸರು, ಸ್ಮೃತಿಕೋಶ, ಪ್ರೋಗ್ರಾಮು ಎಲ್ಲವೂ ಇವೆ. ಆದರೂ ನಿರ್ದಿಷ್ಟ ಕೆಲಸಕ್ಕೆಂದು ರೂಪಿಸಿದ ಯಂತ್ರ ಆ ಕೆಲಸದ ಶೀರ್ಷಿಕೆಗೇ ಸೇರಬೇಕೆಂದು 84ನೆಯ ಅಧ್ಯಾಯದ ಟಿಪ್ಪಣಿ ಹೇಳುವುದರಿಂದ ಪಿಎಲ್‌ಸಿ ಉಳಿದದ್ದು 85.37ರಲ್ಲೇ. ಮೋಟಾರಿನ ವೇಗ ಬದಲಿಸುವ ಡ್ರೈವ್ ವಿದ್ಯುತ್ತಿನ ರೂಪವನ್ನು ಪರಿವರ್ತಿಸುವುದರಿಂದ 85.04ರ ಸ್ಟ್ಯಾಟಿಕ್ ಕನ್ವರ್ಟರ್ ಎನಿಸಿತು. ಅದೇ ಶೀರ್ಷಿಕೆಯ ಕಂಪ್ಯೂಟರ್ ಪವರ್ ಸಪ್ಲೈ ಸೊನ್ನೆ ಸುಂಕದ ಒಪ್ಪಂದದೊಳಗೆ ಹೋಯಿತು, ಡ್ರೈವ್ ಹೊರಗುಳಿಯಿತು. ಮೇಲಾಗಿ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ವಸ್ತುವಿನ ಮೂಲದೇಶವನ್ನು ನಿರ್ಣಯಿಸುವಾಗ, ಅಲ್ಲಿ ನಡೆದ ತಯಾರಿಕೆಯಿಂದ ಶೀರ್ಷಿಕೆಯೋ ಉಪಶೀರ್ಷಿಕೆಯೋ ಬದಲಾಯಿತೇ ಎಂದು ನೋಡುವುದುಂಟು. ಹೆಸರು ಬದಲಾಯಿತೇ ಎಂಬ ಪ್ರಶ್ನೆಯೇ ಅಲ್ಲಿ ತಯಾರಿಕೆ ನಡೆಯಿತೇ ಎಂಬ ಪ್ರಶ್ನೆಯ ಜಾಗದಲ್ಲಿ ಕೂತಿದೆ.

ಈ ಇತಿಹಾಸದಿಂದ ಕಲಿಯಬೇಕಾದ್ದು ಇಂದಿನ ಹೊಲದಲ್ಲೇ ಇದೆ. ರಾತ್ರಿಯ ತ್ರೀ ಫೇಸ್ ಕರೆಂಟಿಗೆ ಕಾಯುವ ರೈತರು ಈಗ ಪಂಪ್‌ಸೆಟ್ಟಿಗೆ ಫೋನಿನಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಹಾಕಿಸುತ್ತಾರೆ. ಆ ಡಬ್ಬಿಯಲ್ಲಿ ಕಾಂಟ್ಯಾಕ್ಟರಿದೆ, ರಿಲೇ ಇದೆ, ಜೊತೆಗೆ ಸಿಮ್ ಕಾರ್ಡೂ ಇದೆ. ಅದನ್ನು ಮೋಟಾರಿನ ಕಂಟ್ರೋಲ್ ಪ್ಯಾನೆಲ್ ಅನ್ನಬೇಕೇ, ಸಂಪರ್ಕ ಸಾಧನ ಅನ್ನಬೇಕೇ? ಉತ್ತರ ಯಾವುದೇ ಇರಲಿ, ಅದನ್ನು ತಯಾರಿಸುವ ಸಣ್ಣ ಘಟಕ, ಕೊಳ್ಳುವ ರೈತ ಇಬ್ಬರ ಲೆಕ್ಕವೂ ಅದರಿಂದ ಬದಲಾಗುತ್ತದೆ. ಜಾಗತಿಕ ಪಟ್ಟಿಯ ಮುಂದಿನ ಪರಿಷ್ಕರಣೆ 2028ರ ಜನವರಿಯಲ್ಲಿ ಜಾರಿಗೆ ಬರಲಿದೆ, ಅದರ ಮೊದಲ ಆರು ಅಂಕಿಗಳ ನಂತರ ಬರುವ ವಿಂಗಡಣೆ ಆಯಾ ದೇಶದ ಕೈಯಲ್ಲೇ ಇದೆ. 1934ರಲ್ಲಿ ಸ್ಟಾರ್ಟರನ್ನು ಚರ್ಮದ ಪಟ್ಟೆಯ ಪಕ್ಕ ಕೂರಿಸಿದವರಿಗೆ ಅದನ್ನು ಇಲ್ಲಿ ಮಾಡುವವರು ಕಾಣಿಸಲಿಲ್ಲ. ಇಂದು ಅಂಥವರು ನಮ್ಮ ಊರುಗಳಲ್ಲೇ ಇದ್ದಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲ ಎಂದು ಗಾದೆ ಎಚ್ಚರಿಸುತ್ತದೆ, ಏಕೆಂದರೆ ಸರಕು ಕಟ್ಟೆಗೆ ಬರುವ ಹೊತ್ತಿಗೆ ಅದರ ಹೆಸರು ಪಟ್ಟಿಯಲ್ಲಿ ಬರೆದಾಗಿರುತ್ತದೆ. ಹೇಳುವುದಿದ್ದರೆ ಹೆಸರಿಡುವ ಹೊತ್ತಿನಲ್ಲೇ ಹೇಳಬೇಕು. ಸ್ಟಾರ್ಟರ್ ಡಬ್ಬಿ ಕಟ್ಟುವವರ ಮಾತೂ ಆಗ ಆ ಕೋಣೆಯಲ್ಲಿ ಕೇಳಿಸಬೇಕು.